ಕೋಚ್ ಹೋಗಿ ಇಷ್ಟು ವರ್ಷ ಆದ್ರೂ

ಪ್ರಶ್ನೆ: ಮಗಳು ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಲಿ ಎಂಎಸ್ ಮಾಡ್ತಿದಾಳೆ ಸರ್. ಅಲ್ಲಿಗೆ ಹೋಗಿದ್ದಾಗ ಅವಳ ಜೊತೆ ರೆಕ್ ಹಾಲ್‌ನಲ್ಲಿ ಹುಡುಗರ ಜಿಮ್ನಾಸ್ಟಿಕ್ಸ್ ನೋಡಕ್ಕೆ ಹೋಗಿದ್ವಿ, ಪಕ್ಕದಲ್ಲಿ ಕೂತಿದ್ದ ಎಂಬತ್ತು ದಾಟಿದ ಯಜಮಾನರೊಬ್ರು ಇಡೀ ಹೊತ್ತು ವೆಟ್‌ಸ್ಟೋನ್ ಅನ್ನೋ ತಮ್ಮ ಕೋಚ್ ಬಗ್ಗೆನೇ ಹೇಳ್ತಿದ್ರು, ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು ತಂದ್ಕೊಂಡ್ರು. ಯಾರು ಇವರು? ಇಷ್ಟು ವರ್ಷ ಆದ್ಮೇಲೂ ಅಳೋ ಅಂಥದ್ದು ಏನಿತ್ತು?
(ಓದುಗರು, ದಾವಣಗೆರೆ)

ಉತ್ತರ: ನಿಮ್ಮ ಪತ್ರ ಓದಿ ನಂಗೆ ತುಂಬಾ ಖುಷಿ ಆಯ್ತು, ಯಾಕಂದ್ರೆ ಕಾಲೇಜಲ್ಲಿ ಮೂರು ವರ್ಷ ನಾನೂ ಜಿಮ್ನಾಸ್ಟಿಕ್ಸ್ ಮಾಡಿದೀನಿ, ಆ ಹೆಸರು ಆಗ್ಲೇ ಕೇಳಿದ್ದೆ.

ಜೀನ್ ವೆಟ್‌ಸ್ಟೋನ್ ಅಂತ. ಹುಟ್ಟಿದ್ದು 1913ರ ಜುಲೈನಲ್ಲಿ, ತೀರ್ಕೊಂಡಿದ್ದು 2013ರ ಜುಲೈನಲ್ಲಿ, ನೂರು ತುಂಬಿ ಎರಡು ವಾರ ಆಗಿತ್ತು ಅಷ್ಟೇ. ಅಯೋವಾ ಯೂನಿವರ್ಸಿಟಿಲಿ ತಾವೇ ಜಿಮ್ನಾಸ್ಟ್ ಆಗಿದ್ದವರು, ಆಮೇಲೆ ಪೆನ್ ಸ್ಟೇಟ್‌ಗೆ ಬಂದು 1976ರ ತನಕ ಅಲ್ಲೇ ಕೋಚ್ ಆಗಿದ್ರು. ಅಷ್ಟರಲ್ಲಿ ಅವರ ಹುಡುಗರು ಅಮೆರಿಕದ ಕಾಲೇಜು ಚಾಂಪಿಯನ್‌ಶಿಪ್‌ನ ಒಂಬತ್ತು ಸಲ ಗೆದ್ರು, ಮೊದಲನೇದು 1948ರಲ್ಲಿ, ಕೊನೇದು ಅವರು ಬಿಟ್ಟ ವರ್ಷವೇ. 1948ರ ಲಂಡನ್ ಮತ್ತೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಅಮೆರಿಕ ತಂಡದ ಕೋಚೂ ಅವರೇ. ಅವರ ಶಿಷ್ಯ ಸ್ಟೀವ್ ಕೋಹೆನ್ 1966, 1967 ಎರಡೂ ವರ್ಷ ಕಾಲೇಜು ಆಲ್‌ರೌಂಡ್ (ಎಲ್ಲ ವಿಭಾಗದ ಅಂಕ ಸೇರಿಸಿ ಕೊಡೋ ಪ್ರಶಸ್ತಿ) ಗೆದ್ದು ಮೆಕ್ಸಿಕೋ ಒಲಿಂಪಿಕ್ಸ್‌ಗೆ ಹೋದ್ರು.

ಆದ್ರೆ ಆ ಯಜಮಾನರ ಕಣ್ಣಲ್ಲಿ ನೀರು ಬಂದಿದ್ದು ಟ್ರೋಫಿ ನೆನಪಾಗಿ ಅಲ್ಲ ಅನ್ಸತ್ತೆ ನಂಗೆ. ಜಿಮ್ನಾಸ್ಟಿಕ್ಸ್‌ನಲ್ಲಿ ಕೋಚ್ ಗ್ರೌಂಡ್ ಆಚೆ ನಿಂತು ಕೂಗೋನಲ್ಲ ಸರ್, ಪಕ್ಕದಲ್ಲೇ ಇರ್ತಾನೆ, ಹೈ ಬಾರ್ ಅಂದ್ರೆ ಹಿಡ್ಕೊಂಡು ತಿರುಗೋ ಅಡ್ಡ ಸರಳು ನೆಲದಿಂದ ಒಂಬತ್ತು ಅಡಿ ಮೇಲಿರತ್ತೆ, ಅದರ ಮೇಲೆ ಮೊದಲ್ನೇ ಸಲ ಪೂರ್ತಿ ಸುತ್ತು ತಿರುಗುವಾಗ ಹುಡುಗ ಕೈ ಬಿಟ್ರೆ ಕೆಳಗೆ ಹಿಡಿಯಕ್ಕೆ ಇರೋದು ಕೋಚ್‌ದೇ ಎರಡು ಕೈ, ಆ ಕಾಲದ ಮ್ಯಾಟ್ ಬೇರೆ ತೆಳ್ಳಗೆ. ಇದಕ್ಕೆ ನಾವು ಸ್ಪಾಟಿಂಗ್ ಅಂತೀವಿ. ಬೆನ್ನ ಕೆಳಗೆ ಒಂದು ಕೈ ಇದೆ ಅನ್ನೋ ಧೈರ್ಯ ಬರೋವರೆಗೂ ಹುಡುಗ ಹೊಸದೇನೂ ಕಲಿಯಲ್ಲ, ಬಂದ್ಮೇಲೆ ಒಂದಿನ ಆ ಕೈ ಅಲ್ಲಿರಲ್ಲ, ಅದು ಹುಡುಗನಿಗೆ ಗೊತ್ತೂ ಆಗಿರಲ್ಲ, ಕೆಳಗಿಳಿದು ನೋಡಿದ್ರೆ ಕೋಚ್ ಎರಡು ಹೆಜ್ಜೆ ದೂರ ನಿಂತು ನಗ್ತಿರ್ತಾರೆ. ನನ್ನ ಕೋಚ್ ಹಾಗೆ ದೂರ ನಿಂತ ಸಾಯಂಕಾಲ ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಯಜಮಾನರಿಗೂ ಅಂಥದ್ದೇ ಒಂದು ಸಾಯಂಕಾಲ ಇದ್ದೇ ಇರತ್ತೆ.

ಮತ್ತೊಂದು, ವೆಟ್‌ಸ್ಟೋನ್ ಈ ಆಟನ ಜನ ಬಂದು ನೋಡೋ ಹಾಗೆ ಮಾಡಿದ್ರು. ಹೊರದೇಶದ ತಂಡಗಳನ್ನ ಕರೆಸಿ ಆ ಚಿಕ್ಕ ಊರಿನ ರೆಕ್ ಹಾಲ್‌ನಲ್ಲಿ ಸಾವಿರಾರು ಜನ ಸೇರೋ ಹಾಗೆ ಮಾಡಿದ್ದು ಸಣ್ಣ ಮಾತಲ್ಲ. ಆಗಿನ ಕಾಲೇಜು ಮೀಟ್‌ನಲ್ಲಿ ಹಗ್ಗ ಹತ್ತೋ ಸ್ಪರ್ಧೆನೂ ಇತ್ತು, ನೆಲದ ಮೇಲೆ ಕೂತಲ್ಲಿಂದ ಶುರು, ಕಾಲು ಮುಟ್ಟಿಸೋ ಹಾಗಿಲ್ಲ, ಬರೀ ಕೈಯಲ್ಲಿ ಇಪ್ಪತ್ತಡಿ. ಕ್ಯಾಲಿಫೋರ್ನಿಯಾದ ಡಾನ್ ಪೆರ್ರಿ 1954ರಲ್ಲಿ 2.8 ಸೆಕೆಂಡಲ್ಲಿ ಹತ್ತಿದ್ರು! ನಮ್ಮ ಬಾಗಲಕೋಟೆ ಕಡೆ ಮಲ್ಲಕಂಬದ ಹುಡುಗರಿಗೆ ಹೇಳಿದ್ರೆ ಇದರ ಬೆಲೆ ತಕ್ಷಣ ಗೊತ್ತಾಗತ್ತೆ.

ಪ್ರಶ್ನೆ: ಅದೇ ಯಜಮಾನರು ಕೋಚ್ ಸಿಂಹದ ವೇಷ ಹಾಕಿದ್ರು ಅಂದ್ರು. ನಿಜವಾ?

ಉತ್ತರ: ನಿಜ. ಪೆನ್ ಸ್ಟೇಟ್‌ನ ಗುರುತು ನಿಟನಿ ಲಯನ್, ಮ್ಯಾಚ್‌ಗಳಲ್ಲಿ ಒಬ್ರು ಆ ವೇಷ ಹಾಕಿ ಕುಣೀತಾರೆ. ಹಾಗೆ ವೇಷ ಹಾಕಿದ ಮೊದಮೊದಲಿನವರಲ್ಲಿ ವೆಟ್‌ಸ್ಟೋನ್ ಒಬ್ರು, 1939ರಲ್ಲಿ.

ಪ್ರಶ್ನೆ: ನಮ್ಮ ಕಾಲೇಜಿನ ಜಿಮ್ನಾಸ್ಟಿಕ್ಸ್ ಕೋಚ್ ಹೋದ ತಿಂಗಳು ತೀರ್ಕೊಂಡ್ರು. ಹಳೇ ಹುಡುಗರೆಲ್ಲ ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದೀವಿ, ಎಪ್ಪತ್ತು ಜನ ಆಗಿದೀವಿ. ಸರ್ ಹೆಸರಲ್ಲಿ ಏನಾದ್ರೂ ಮಾಡ್ಬೇಕು ಅಂತಿದೆ. ಫೋಟೋ ಹಾಕಿ ಹಾರ ಹಾಕಿದ್ರೆ ಸಾಕಾ?
(ಓದುಗರು, ಮೈಸೂರು)

ಉತ್ತರ: ಮೊದಲು, ನಿಮ್ಮ ಸರ್‌ಗೆ ನನ್ನ ನಮಸ್ಕಾರ. ಹಾರ ಹಾಕಿ, ಖಂಡಿತ ಹಾಕಿ. ಆದ್ರೆ ಅಷ್ಟಕ್ಕೇ ಬಿಡ್ಬೇಡಿ.

ಯಾಕೆ ಹೇಳ್ತೀನಿ ಅಂದ್ರೆ, ಮೇಲೆ ಹೇಳಿದ ವೆಟ್‌ಸ್ಟೋನ್ ಕಲಿತ ಅಯೋವಾ ಇದೆಯಲ್ಲ, 1969ರಲ್ಲಿ ಚಾಂಪಿಯನ್ ಆಗಿದ್ದ ಅಯೋವಾ, ಅಲ್ಲಿ ಗಂಡುಮಕ್ಕಳ ಜಿಮ್ನಾಸ್ಟಿಕ್ಸ್ ತಂಡನೇ ನಿಲ್ಲಿಸ್ತೀವಿ ಅಂತ 2020ರಲ್ಲಿ ಹೇಳಿದ್ರು, ನಿಲ್ಲಿಸಿಯೂ ಬಿಟ್ರು. ಅದೇ ವರ್ಷ ಮಿನ್ನೆಸೋಟಾದಲ್ಲೂ ಹಾಗೇ ಆಯ್ತು, ಆದ್ರೆ ಆ ತಂಡ ಈಗ ಕ್ಲಬ್ ಆಗಿ ಉಸಿರಾಡ್ತಿದೆ. ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಲ್ಲಿ ಸೆಪ್ಟೆಂಬರ್‌ನಲ್ಲಿ ಜಿಮ್ನಾಸ್ಟಿಕ್ಸ್ ಸೇರಿ ಏಳು ಆಟ ತೆಗೀತೀವಿ ಅಂದಿದ್ರು, ಹಳೇ ಆಟಗಾರರು ಎದ್ದು ನಿಂತ್ರು, ನವೆಂಬರ್ ಹೊತ್ತಿಗೆ ಆ ತೀರ್ಮಾನ ವಾಪಸ್ ತಗೊಂಡ್ರು. ಇಲ್ಲಿ ತಂಡ ಉಳಿಸಿದ್ದು ಹಳೇ ಹುಡುಗರು ಒಬ್ಬರಿಗೊಬ್ರು ಗೊತ್ತಿದ್ದಿದ್ದು, ಒಂದೇ ದಿನ ಫೋನ್ ಎತ್ತಕ್ಕಾಗಿದ್ದು. ನಿಮ್ಮ ಎಪ್ಪತ್ತು ಜನದ ಗ್ರೂಪ್ ಅದೇ ಕೆಲಸಕ್ಕೆ ಬರತ್ತೆ, ಗುಡ್ ಮಾರ್ನಿಂಗ್ ಮೆಸೇಜ್‌ಗೆ ಬಿಟ್ಕೊಡ್ಬೇಡಿ.

ಈ ವಾರನೇ ಶುರು ಮಾಡಿ. ಹಳೇ ಫೋಟೋ ಎಲ್ಲರತ್ರನೂ ಇರತ್ತೆ, ಹಿಂದುಗಡೆ ಹೆಸರು ಇರಲ್ಲ, ಸೀನಿಯರ್ಸ್ ಇರುವಾಗ್ಲೇ ಯಾರ್ಯಾರು ಅಂತ ಕೇಳಿ ಬರ್ಕೊಳ್ಳಿ, ಸರ್ ಜೊತೆ ಮೊದಲ್ನೇ ವರ್ಷ ಇದ್ದವರನ್ನ ಕೂರಿಸಿ ಮೊಬೈಲ್‌ನಲ್ಲಿ ಮಾತು ರೆಕಾರ್ಡ್ ಮಾಡಿ, ಸರ್ ಮನೆಗೆ ಹೋಗಿ ಅಮ್ಮನವರ ಜೊತೆ ಒಂದು ಗಂಟೆ ಕೂತ್ಕೊಳ್ಳಿ, ಅವರಿಗೆ ನೀವೆಲ್ಲ ಇನ್ನೂ ಇದೀರಿ ಅಂತ ಗೊತ್ತಾಗ್ಲಿ. ಆಮೇಲೆ ಕಾಲೇಜಿಗೆ ಹೋಗಿ ಜಿಮ್ ಬಾಗಿಲು ತೆಗೆಸಿ ನೋಡಿ. ಮ್ಯಾಟ್ ಹರಿದಿರತ್ತೆ, ರಿಂಗ್ಸ್ ಪಟ್ಟಿ ಸವೆದಿರತ್ತೆ. ಕಲ್ಲಿನ ಫಲಕಕ್ಕೆ ಅಂತ ದುಡ್ಡು ಕೂಡಿಸಿದ್ರೆ ಅದನ್ನ ಮೊದಲು ಮ್ಯಾಟ್‌ಗೆ ಹಾಕಿ, ಸರ್ ಹೆಸರು ಮ್ಯಾಟ್ ಅಂಚಿಗೆ ಹೊಲಿಸಿ. ನಿಮ್ಮಲ್ಲಿ ಸ್ಪಾಟಿಂಗ್ ಮರೀದೇ ಇರೋರು ಇಬ್ಬರಾದ್ರೂ ಇರ್ತಾರಲ್ಲ, ಅವರು ವಾರಕ್ಕೊಂದು ಸಾಯಂಕಾಲ ಅಲ್ಲಿ ಹೋಗಿ ನಿಲ್ಲಲಿ. ಮೊದಲ ಸಲ ಯಾರಾದ್ರೂ ಹುಡುಗ ಕೈ ಬಿಟ್ಟು ತಿರುಗಿದ ದಿನ ನಂಗೊಂದು ಪತ್ರ ಬರೀರಿ.