ತಾರಾ ಆಟಗಾರನೇ ಇಲ್ಲದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡ ಗೆಲ್ಲುವುದು ಹೇಗೆ? ಅದೃಷ್ಟವೇ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರೇ ಕೇಳಿರದ ಹುಡುಗರ ತಂಡಗಳು ಘಟಾನುಘಟಿಗಳನ್ನು ಮಣಿಸುವುದನ್ನು ನೋಡಿ ಈ ಪ್ರಶ್ನೆ ಕೇಳಿದ್ದೀರಿ. ಅದೃಷ್ಟದ ಪಾಲು ಖಂಡಿತ ಇದೆ. ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಎನ್‌ಸಿಎಎ ಟೂರ್ನಿಯಲ್ಲಿ ಒಮ್ಮೆ ಸೋತರೆ ಗಂಟುಮೂಟೆ ಕಟ್ಟಬೇಕು. 64 ತಂಡಗಳ ಸುತ್ತಿನಿಂದ ಸಾಲಾಗಿ ಆರು ಪಂದ್ಯ ಗೆದ್ದವರಿಗೆ ಪ್ರಶಸ್ತಿ. ವೃತ್ತಿಪರ ಲೀಗ್ ಆದ ಎನ್‌ಬಿಎಯ ಪ್ಲೇಆಫ್‌ನಂತೆ ಏಳು ಪಂದ್ಯಗಳ ಸರಣಿಯಿದ್ದರೆ ದೊಡ್ಡ ತಂಡ ಒಂದು ಕೆಟ್ಟ ರಾತ್ರಿಯನ್ನು ಮರುದಿನ ತೊಳೆದುಕೊಳ್ಳಬಹುದು. ಇಲ್ಲಿ ಮರುದಿನ ಎಂಬುದಿಲ್ಲ.

ಆದರೆ ಬರೀ ಅದೃಷ್ಟ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ನನ್ನ ಸ್ವಂತ ಅನುಭವ. ಕಾಲೇಜು ತಂಡದಲ್ಲಿ ನಾನು ಏಳನೆಯವನೋ ಎಂಟನೆಯವನೋ ಆಗಿದ್ದೆ. ಹೆಚ್ಚು ಕಾಲ ಬೆಂಚಿನ ಮೇಲೆ, ಆಗಾಗ ಯಾರನ್ನಾದರೂ ತಡೆಯುವ ಕೆಲಸಕ್ಕೆ ಅಂಕಣದೊಳಗೆ. ಎದುರಾಳಿಯಲ್ಲಿ ಒಬ್ಬ ಭಾರಿ ಸ್ಕೋರರ್ ಇದ್ದರೆ ಪಂದ್ಯಕ್ಕೆ ಮುಂಚಿನ ನಮ್ಮ ಸಭೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು: ಚೆಂಡು ಅವನ ಕೈಗೆ ಬಂದ ಕೂಡಲೇ ಇಬ್ಬರು ಮುತ್ತಿಕೊಳ್ಳಿ, ಉಳಿದವರು ಎಸೆದುಕೊಳ್ಳಲಿ. ನಮಗೆ ತಲೆನೋವಾಗುತ್ತಿದ್ದುದು ಐವರೂ ಸಾಧಾರಣವಾಗಿದ್ದು ಐವರೂ ಬ್ಯಾಸ್ಕೆಟ್ ಹಾಕಬಲ್ಲ ತಂಡ. ಕೋಚ್ ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ನಿಂತರೂ ಯಾರ ಹೆಸರಿಗೆ ಸುತ್ತು ಹಾಕುವುದೆಂದು ತೋಚುತ್ತಿರಲಿಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ 2018ರ ಲೊಯೋಲಾ ಶಿಕಾಗೋ ತಂಡದ ಪಂದ್ಯಗಳನ್ನು ಹುಡುಕಿ. (ಟಿ.ವಿ. ಕ್ಯಾಮೆರಾಗಳು ತಂಡಕ್ಕಾಗಿ ಪ್ರಾರ್ಥಿಸುತ್ತಿದ್ದ 98 ವರ್ಷದ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಜೀನ್ ಅವರ ಹಿಂದೆಯೇ ಬಿದ್ದಿದ್ದವು. ಅವರ ಮೇಲೆ ನನಗೂ ಗೌರವವಿದೆ, ಆದರೆ ಆಟ ಅಂಕಣದ ಮೇಲಿತ್ತು.) 16 ತಂಡಗಳ ಗುಂಪಿನಲ್ಲಿ 11ನೇ ಶ್ರೇಯಾಂಕದ ತಂಡ. ಮಯಾಮಿ ವಿರುದ್ಧ ಕೊನೆಯ ಗಳಿಗೆಯಲ್ಲಿ ದೂರದಿಂದ ಎಸೆದು 64–62ರಲ್ಲಿ ಗೆಲ್ಲಿಸಿದವನು ಡಾಂಟೆ ಇಂಗ್ರಮ್. ಮುಂದಿನ ಪಂದ್ಯದಲ್ಲಿ ಟೆನೆಸಿ ವಿರುದ್ಧ ಕ್ಲೇಟನ್ ಕಸ್ಟರ್‌ನ ಎಸೆತ ರಿಂಗಿಗೆ ಬಡಿದು, ಬೋರ್ಡಿಗೆ ತಾಗಿ, ಯೋಚಿಸಿ ಯೋಚಿಸಿ ಒಳಗೆ ಬಿತ್ತು: 63–62. ನೆವಾಡ ವಿರುದ್ಧ 69–68; ಈ ಬಾರಿ ನಿರ್ಣಾಯಕ ಮೂರು ಪಾಯಿಂಟ್ ಮಾರ್ಕಸ್ ಟೌನ್ಸ್‌ನದು. ಮಯಾಮಿ ಪಂದ್ಯದಲ್ಲಿ ಇಂಗ್ರಮ್‌ಗೆ ಪಾಸ್ ಕೊಟ್ಟವನೂ ಇದೇ ಟೌನ್ಸ್. ನಾಲ್ಕನೆಯದರಲ್ಲಿ ಬೆನ್ ರಿಚರ್ಡ್‌ಸನ್ 23 ಪಾಯಿಂಟ್ ಗಳಿಸಿ ಕ್ಯಾನ್ಸಸ್ ಸ್ಟೇಟ್ ತಂಡವನ್ನು 78–62ರಲ್ಲಿ ಮುಗಿಸಿದ. ತಂಡ ಸೆಮಿಫೈನಲ್ ತಲುಪಿತು. ಮೊದಲ ಮೂರು ಪಂದ್ಯಗಳ ಗೆಲುವಿನ ಅಂತರ ಕೂಡಿಸಿದರೆ ನಾಲ್ಕೇ ಪಾಯಿಂಟ್. ಅಲ್ಲಿ ಅದೃಷ್ಟ ಕಾಣುತ್ತದೆ, ನಿಜ. ಆದರೆ ಪ್ರತಿ ರಾತ್ರಿ ಬೇರೆ ಬೇರೆ ಕೈಗೆ ಚೆಂಡು ತಲುಪಿದ್ದು, ತಲುಪಿದಾಗ ಆ ಕೈ ನಡುಗದೇ ಇದ್ದದ್ದು ಅದೃಷ್ಟವಲ್ಲ.

ಇದಕ್ಕೆ ತದ್ವಿರುದ್ಧ ಚಿತ್ರ 2008ರದು. ಡೇವಿಡ್‌ಸನ್ ಎಂಬ ಪುಟ್ಟ ಕಾಲೇಜನ್ನು, ಮುಂದೆ ಎನ್‌ಬಿಎ ತಾರೆಯಾದ ಸ್ಟೀಫನ್ ಕರಿ ಹೆಚ್ಚುಕಡಿಮೆ ಒಬ್ಬನೇ ಹೊತ್ತು ಕೊನೆಯ ಎಂಟರ ಹಂತಕ್ಕೆ ತಂದಿದ್ದ. ಕ್ಯಾನ್ಸಸ್ ವಿರುದ್ಧ ಎರಡು ಪಾಯಿಂಟ್ ಹಿಂದಿದ್ದಾಗ ಕೊನೆಯ ಎಸೆತ. ಕರಿಗೆ ಜಾಗವೇ ಸಿಗಲಿಲ್ಲ, ಚೆಂಡು ಜೇಸನ್ ರಿಚರ್ಡ್ಸ್ ಕೈಗೆ ಹೋಯಿತು, ಎಸೆತ ತಪ್ಪಿತು. 59–57. ಗೆದ್ದ ಕ್ಯಾನ್ಸಸ್ ಫೈನಲ್‌ನಲ್ಲಿ ಡೆರಿಕ್ ರೋಸ್ ಇದ್ದ ಮೆಂಫಿಸ್ ತಂಡವನ್ನೂ ಸೋಲಿಸಿ ಚಾಂಪಿಯನ್ ಆಯಿತು. ಕ್ಯಾನ್ಸಸ್ ತಂಡದಲ್ಲಿ ಸರಾಸರಿ ಹತ್ತಕ್ಕಿಂತ ಹೆಚ್ಚು ಪಾಯಿಂಟ್ ಗಳಿಸುವವರು ನಾಲ್ವರಿದ್ದರು, ಹದಿನೈದು ಮುಟ್ಟುವವನು ಒಬ್ಬನೂ ಇರಲಿಲ್ಲ. ಹಾಗೆಂದು ಅವರನ್ನು ಬಡಪಾಯಿಗಳೆಂದು ಭಾವಿಸಬೇಡಿ: ಆ ವರ್ಷ ಎನ್‌ಬಿಎ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವರಲ್ಲಿ ಐವರು ಆಯ್ಕೆಯಾದರು. ತಾರೆಯಿಲ್ಲ ಎಂದರೆ ಪ್ರತಿಭೆಯಿಲ್ಲ ಎಂದಲ್ಲ. ಇದನ್ನು ಜನ ಬಹಳ ಸಲ ಬೆರೆಸಿಬಿಡುತ್ತಾರೆ.

ನಿಜಕ್ಕೂ ಪ್ರತಿಭೆಯಲ್ಲೇ ಹಿಂದಿದ್ದ ತಂಡ ನೋಡಬೇಕೇ? 1996, ಪ್ರಿನ್ಸ್‌ಟನ್. ಅದು ಸೇರಿರುವ ಐವಿ ಲೀಗ್ ಎಂಬ ವಿಶ್ವವಿದ್ಯಾಲಯಗಳ ಗುಂಪಿನಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಎದುರಿಗೆ ಹಾಲಿ ಚಾಂಪಿಯನ್ ಯುಸಿಎಲ್‌ಎ. ಕೊನೆಯ ಆರು ನಿಮಿಷಗಳ ಹೊತ್ತಿಗೆ ಯುಸಿಎಲ್‌ಎ 41–34ರಿಂದ ಮುಂದಿತ್ತು. ಆಮೇಲೆ ಅದಕ್ಕೆ ಒಂದು ಪಾಯಿಂಟ್ ಕೂಡ ದಕ್ಕಲಿಲ್ಲ. 41–41 ಆದಾಗ ಪ್ರಿನ್ಸ್‌ಟನ್‌ನ ಸೆಂಟರ್ (ಸಾಮಾನ್ಯವಾಗಿ ಬ್ಯಾಸ್ಕೆಟ್ ಬಳಿ ಆಡುವವನು) ಸ್ಟೀವ್ ಗುಡ್ರಿಚ್ ಬ್ಯಾಸ್ಕೆಟ್‌ನಿಂದ ದೂರ, ಚೆಂಡು ಹಿಡಿದು ನಿಂತಿದ್ದ. ಎತ್ತರದ ಸೆಂಟರ್ ಹೊರಗೆ ಬಂದರೆ ಅವನನ್ನು ಕಾಯುವವನೂ ಹೊರಗೆ ಬರಲೇಬೇಕು. ಬ್ಯಾಸ್ಕೆಟ್ ಕೆಳಗಿನ ಜಾಗ ಖಾಲಿ. ಮೊದಲ ವರ್ಷದ ಹುಡುಗ ಗೇಬ್ ಲೆವುಲಿಸ್ ಪಾಸ್ ತೆಗೆದುಕೊಳ್ಳಲು ಹೊರಗೆ ಹೆಜ್ಜೆಯಿಟ್ಟ. ಅವನನ್ನು ಕಾಯುತ್ತಿದ್ದವನು ಪಾಸ್ ಕಸಿಯಲು ಮುಂದೆ ಬಾಗಿದ. ಅಷ್ಟೇ ಬೇಕಾಗಿದ್ದುದು. ಲೆವುಲಿಸ್ ಗಿರಕ್ಕನೆ ತಿರುಗಿ ಅವನ ಬೆನ್ನ ಹಿಂದಿನಿಂದ ಓಡಿದ, ನೆಲಕ್ಕೆ ಪುಟಿಸಿದ ಪಾಸ್ ಅಂಗೈಗೆ ಬಂತು, ಬ್ಯಾಸ್ಕೆಟ್ ಹತ್ತಿರದಿಂದಲೇ ಲೇಅಪ್. 43–41. ನಿವೃತ್ತಿ ಘೋಷಿಸಿದ್ದ ಕೋಚ್ ಪೀಟ್ ಕ್ಯಾರಿಲ್ ಅವರಿಗೆ ಪ್ರಿನ್ಸ್‌ಟನ್‌ನಲ್ಲಿ ಅದೇ ಕೊನೆಯ ಗೆಲುವು.

ಕಾಯುವವನ ಬೆನ್ನ ಹಿಂದಿನ ಈ ಬ್ಯಾಕ್‌ಡೋರ್ ಓಟವನ್ನು ನಾವೂ ಕಲಿಯಲು ಹೋಗಿ ಮೂಗು ಒಡೆಸಿಕೊಂಡವರು. ಅಭ್ಯಾಸದಲ್ಲಿ ಕೋಚ್ ಚೆಂಡು ಪುಟಿಸುತ್ತ ಸಾಗುವ ಡ್ರಿಬಲ್ ಅನ್ನೇ ನಿಷೇಧಿಸಿದ್ದರು: ಚೆಂಡು ಹಿಡಿದವನು ಪಾಸ್ ಕೊಡಬೇಕು, ಇಲ್ಲವೇ ಎಸೆಯಬೇಕು. ಮೊದಲ ವಾರ ಐವರೂ ಕಂಬಗಳಂತೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ನಾನು ಓಡುವ ಮೊದಲೇ ಪಾಸ್ ಹೊರಟು ಚೆಂಡು ನನ್ನ ಕಿವಿಗೆ ಬಡಿದದ್ದೂ ಉಂಟು. ಯಾವಾಗ ತಿರುಗುತ್ತೇನೆ ಎಂಬುದನ್ನು ಪಾಸ್ ಕೊಡುವವನು ನನ್ನ ಭುಜ ನೋಡಿಯೇ ಗ್ರಹಿಸಬೇಕು. ಅದು ತಿಂಗಳಲ್ಲಿ ಬರುವ ವಿದ್ಯೆಯಲ್ಲ. ಲೊಯೋಲಾದ ಕಸ್ಟರ್, ರಿಚರ್ಡ್‌ಸನ್ ಇಬ್ಬರೂ ಬಾಲ್ಯದಿಂದ ಒಟ್ಟಿಗೆ ಆಡಿದವರು ಎಂಬುದನ್ನು ಇಲ್ಲಿ ನೆನೆಯಿರಿ. ದೊಡ್ಡ ತಂಡದ ತಾರೆ ಎಷ್ಟೋ ಸಲ ಒಂದೇ ವರ್ಷ ಆಡಿ ಎನ್‌ಬಿಎಗೆ ಹೊರಟುಬಿಡುತ್ತಾನೆ. ಅವನ ಭುಜ ಓದಲು ಯಾರಿಗೂ ಸಮಯ ಸಿಕ್ಕಿರುವುದಿಲ್ಲ.

ನಿಧಾನಗತಿಯ ಆಟವೂ ಒಂದು ಉಪಾಯ. ದುರ್ಬಲ ತಂಡ ಪ್ರತಿ ಸಲವೂ ಶಾಟ್ ಕ್ಲಾಕ್‌ನ (ಚೆಂಡು ಸಿಕ್ಕ ಮೇಲೆ ಎಸೆಯಲು ಇರುವ ಗಡುವಿನ) ಕೊನೆಯವರೆಗೆ ಚೆಂಡು ಆಡಿಸಿದರೆ ಎರಡೂ ಕಡೆಗೆ ಸಿಗುವ ಅವಕಾಶಗಳು ಕಡಿಮೆಯಾಗುತ್ತವೆ. ಅವಕಾಶ ಕಡಿಮೆಯಾದಷ್ಟೂ ಬಲಾಢ್ಯನಿಗೆ ತನ್ನ ಬಲ ತೋರಿಸಲು ಸಮಯ ಸಾಲುವುದಿಲ್ಲ. ಪ್ರಿನ್ಸ್‌ಟನ್ ಗೆದ್ದಾಗ ಈ ಗಡುವು 35 ಸೆಕೆಂಡ್ ಇತ್ತು, 2015–16ರಿಂದ 30 ಆಗಿದೆ.

ಇನ್ನು ಮುಂದೆ ಇಂಥ ತಂಡಗಳು ಅಪರೂಪವಾಗಬಹುದು ಎಂಬ ಆತಂಕ ನನಗಿದೆ. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು, ಒಂದು ವರ್ಷ ಕಾಯದೆ ಕಾಲೇಜು ಬದಲಿಸಬಹುದು. ಹುಡುಗರಿಗೆ ಇದು ನ್ಯಾಯವೇ, ತಕರಾರಿಲ್ಲ. ಆದರೆ 2022ರಲ್ಲಿ 15ನೇ ಶ್ರೇಯಾಂಕದ ಸೇಂಟ್ ಪೀಟರ್ಸ್ ತಂಡ ಕೆಂಟಕಿಯನ್ನು ಸೋಲಿಸಿ ಕೊನೆಯ ಎಂಟಕ್ಕೆ ಬಂದ ಬೆನ್ನಲ್ಲೇ ಕೋಚ್ ಬೇರೆಡೆಗೆ ಹೋದರು, ಹಲವು ಆಟಗಾರರೂ ಹೋದರು.

ತಾರೆಯಿಲ್ಲದ್ದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಬಟ್ಲರ್ ತಂಡ 2010ರ ಫೈನಲ್‌ನಲ್ಲಿ ಡ್ಯೂಕ್‌ಗೆ 61–59ರಲ್ಲಿ ಸೋತಿತು. ಗಾರ್ಡನ್ ಹೇವರ್ಡ್ ಅರ್ಧ ಅಂಕಣದಿಂದ ಎಸೆದ ಚೆಂಡು ರಿಂಗಿಗೆ ಬಡಿದು ಹೊರಬಿತ್ತು. ಹೇವರ್ಡ್ ಎನ್‌ಬಿಎಗೆ ಹೋದ. ಅವನಿಲ್ಲದ ಬಟ್ಲರ್ ಮರುವರ್ಷ ಒಂದು ಹಂತದಲ್ಲಿ 14 ಗೆಲುವು, 9 ಸೋಲಿಗೆ ಕುಸಿಯಿತು. ಅಲ್ಲಿಂದ ಸತತ 14 ಪಂದ್ಯ ಗೆದ್ದು ಮತ್ತೆ ಫೈನಲ್‌ಗೆ ಬಂತು! ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ವಿರುದ್ಧ ಅರ್ಧ ಸಮಯಕ್ಕೆ 22–19ರಿಂದ ಮುಂದೆಯೂ ಇತ್ತು. ಆಮೇಲೆ ಯಾರದೂ ಸರಿಯಾಗಿ ಬೀಳಲಿಲ್ಲ. ಎಸೆದರೂ ಎಸೆದರೂ ಚೆಂಡು ಮಾತ್ರ ಒಳಗೆ ಹೋಗಲೊಲ್ಲದು. ಒಟ್ಟು 64 ಎಸೆತಗಳಲ್ಲಿ 12 ಬಿದ್ದವು. ಯುಕಾನ್‌ನ ತಾರೆ ಕೆಂಬಾ ವಾಕರ್ ಕೂಡ ಚೆನ್ನಾಗಿ ಎಸೆಯಲಿಲ್ಲ, ಆದರೂ 16 ಪಾಯಿಂಟ್ ಹೆಕ್ಕಿಕೊಂಡ, 53–41. ಅದೇ ಟೂರ್ನಿಯ ಮೊದಲೆರಡು ಪಂದ್ಯಗಳಲ್ಲಿ ಕೊನೆಯ ಕ್ಷಣದಲ್ಲಿ ಬಟ್ಲರ್ ತಂಡವನ್ನು ಉಳಿಸಿದ್ದ ಮ್ಯಾಟ್ ಹೊವಾರ್ಡ್ ಆ ರಾತ್ರಿ 13 ಸಲ ಎಸೆದ. ಒಂದು ಬಿತ್ತು.