ಕಾರ್ಡಿನ ಅರ್ಹತೆ ನೋಡಿದ ಮಾತ್ರಕ್ಕೆ ಮುಂದಿನ ಸಾಲ ತಪ್ಪುತ್ತದೆಯೇ?

ಕೋಲಾರ ಮತ್ತು ಸುತ್ತಲಿನ ತಾಲ್ಲೂಕುಗಳಿಂದ ಬರುವ ಪ್ರಶ್ನೆಗಳಲ್ಲಿ ಒಂದು ಪ್ರಶ್ನೆ ಪ್ರತಿ ಸಲವೂ ಬೇರೆ ಅಂಗಿ ತೊಟ್ಟು ಬಂದು ನಿಲ್ಲುತ್ತದೆ. ಇದಕ್ಕೆ ಮತ್ತೆ ಮತ್ತೆ ಚುಟುಕಾಗಿ ಉತ್ತರಿಸಿ ಬೇಸತ್ತಿರುವುದರಿಂದ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನಾನು ಬಂಗಾರಪೇಟೆಯವನು, ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಕ್ರೆಡಿಟ್ ಕಾರ್ಡಿಗೆ ಅರ್ಹತೆ ಇದೆಯೇ ಎಂದು ಮೂರು ಆ್ಯಪ್‌ಗಳಲ್ಲಿ ನೋಡಿದೆ. ಒಂದರಲ್ಲಿ ‘ಪ್ರೀ-ಕ್ವಾಲಿಫೈಡ್’ (ಮೇಲ್ನೋಟಕ್ಕೆ ಅರ್ಹ) ಎಂದು ಬಂತು, ಎರಡರಲ್ಲಿ ಇಲ್ಲ ಎಂದಾಯಿತು. ಹೀಗೆ ನೋಡಿದ್ದರಿಂದಲೇ ಸಿಬಿಲ್ ಸ್ಕೋರ್ ಬಿದ್ದು, ಮುಂದಿನ ವರ್ಷದ ಮನೆ ಸಾಲಕ್ಕೆ ಕುತ್ತು ಬರುತ್ತದೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ನಿಜವೇ?

ಉತ್ತರ: ನೋಡಿದ್ದರಿಂದ ಸ್ಕೋರ್ ಬೀಳುವುದಿಲ್ಲ. ನೋಡಿದ ಮೇಲೆ ನೀವೇನು ಮಾಡಿದಿರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ, ಮತ್ತು ಅದನ್ನು ನಿಮ್ಮ ಪತ್ರ ಹೇಳುತ್ತಿಲ್ಲ.

ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ರೇಟು ಎಷ್ಟು ಎಂದು ಹತ್ತು ಮಂಡಿಗಳಲ್ಲಿ ಕೇಳಿಕೊಂಡು ಹೋದರೆ ಯಾರೂ ನಿಮ್ಮ ಹೆಸರು ಬರೆದುಕೊಳ್ಳುವುದಿಲ್ಲ. ಹರಾಜಿನಲ್ಲಿ ಬೆಲೆ ಕೂಗಿದಿರೋ, ಆಗ ಬರೆದುಕೊಳ್ಳುತ್ತಾರೆ. ಅರ್ಹತೆ ಪರೀಕ್ಷಿಸುವಾಗ ನಿಮ್ಮ ಒಪ್ಪಿಗೆಯ ಮೇರೆಗೆ ಕ್ರೆಡಿಟ್ ವರದಿಯ (ನಿಮ್ಮ ಸಾಲ, ಕಂತುಗಳ ದಾಖಲೆ; ಸಿಬಿಲ್ ಸ್ಕೋರ್ ಹುಟ್ಟುವುದು ಇದರಿಂದಲೇ) ಮೇಲೆ ಹಾಯಿಸುವ ನೋಟಕ್ಕೆ ‘ಸಾಫ್ಟ್ ಎನ್‌ಕ್ವೈರಿ’ ಎನ್ನುತ್ತಾರೆ. ಅದು ಸ್ಕೋರಿನ ಲೆಕ್ಕಕ್ಕೆ ಬರುವುದಿಲ್ಲ, ಬೇರೆ ಬ್ಯಾಂಕಿನ ಕಣ್ಣಿಗೂ ಬೀಳುವುದಿಲ್ಲ. ನೀವು ನಿಜವಾಗಿ ಅರ್ಜಿ ಹಾಕಿದಾಗ ಬ್ಯಾಂಕು ತರಿಸಿಕೊಳ್ಳುವ ವರದಿ ‘ಹಾರ್ಡ್ ಎನ್‌ಕ್ವೈರಿ’. ಅದು ಬ್ಯಾಂಕಿನ ಹೆಸರು, ದಿನಾಂಕ, ಉದ್ದೇಶ ಮತ್ತು ಮೊತ್ತದ ಸಮೇತ ವರದಿಯಲ್ಲಿ ಒಂದು ಸಾಲಾಗಿ ಕುಳಿತು, ಮುಂದೆ ನಿಮಗೆ ಸಾಲ ಕೊಡಬೇಕಾದ ಪ್ರತಿ ಸಂಸ್ಥೆಗೂ ಕಾಣಿಸುತ್ತದೆ.

ತೊಂದರೆ ಏನೆಂದರೆ, ಫೋನಿನ ಪರದೆಯ ಮೇಲೆ ಈ ಎರಡರ ನಡುವೆ ಇರುವುದು ಒಂದೇ ಗುಂಡಿ. ಕೆಲವು ತಿಂಗಳ ಹಿಂದೆ ಒಬ್ಬರು ತಮ್ಮ ವರದಿಯ ಪ್ರತಿ ತಂದು ನನ್ನ ಮೇಜಿನ ಮೇಲಿಟ್ಟು, ‘ನಾನು ಬರೀ ನೋಡಿದ್ದು ಸಾರ್’ ಎಂದರು. ಎನ್‌ಕ್ವೈರಿಗಳ ಪುಟದಲ್ಲಿ ಒಂಬತ್ತು ದಿನಗಳೊಳಗೆ ಏಳು ಸಾಲುಗಳಿದ್ದವು, ಏಳರ ಮುಂದೆಯೂ ಕ್ರೆಡಿಟ್ ಕಾರ್ಡ್ ಎಂದೇ ಇತ್ತು. ಅವರ ಫೋನಿನಲ್ಲೇ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗಿ ನೋಡಿದೆವು. ಮೊದಲ ಎರಡು ಪರದೆಗಳು ನಿಜಕ್ಕೂ ನೋಟವೇ. ಮೂರನೆಯದು ಕಚೇರಿಯ ವಿಳಾಸ ಮತ್ತು ತಾಯಿಯ ಹೆಸರು ಕೇಳಿ, ‘ಮುಂದುವರಿಯಿರಿ’ ಒತ್ತಿಸಿಕೊಂಡು, ಓಟಿಪಿ ಕಳಿಸಿತ್ತು. ಕಾರ್ಡನ್ನು ತಲುಪಿಸಬೇಕಾದ ವಿಳಾಸ ಕೇಳಿದಲ್ಲಿಗೆ ನೋಟ ಮುಗಿದು ಅರ್ಜಿ ಶುರುವಾಗಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನಿಮಗೂ ಅನುಮಾನವಿದ್ದರೆ ಪರೀಕ್ಷೆ ಸುಲಭ: ಬ್ಯಾಂಕೊಂದು ನಿಮ್ಮ ವರದಿಯನ್ನು ತೆರೆದಾಗ, ಆ ವರದಿ ತಯಾರಿಸುವ ಸಿಬಿಲ್‌ನಂಥ ಕ್ರೆಡಿಟ್ ಮಾಹಿತಿ ಕಂಪನಿಯು ಎಸ್‌ಎಂಎಸ್ ಅಥವಾ ಇಮೇಲ್ ಮೂಲಕ ನಿಮಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ಸಂದೇಶಗಳನ್ನು ಓದದೆ ಅಳಿಸುವವರೇ ಆಮೇಲೆ ನನಗೆ ಪತ್ರ ಬರೆಯುತ್ತಾರೆ.

ಒಂದು ಹಾರ್ಡ್ ಎನ್‌ಕ್ವೈರಿಯಿಂದ ಇಳಿಯುವ ಅಂಕ ಅತ್ಯಲ್ಪ, ಕೆಲವು ತಿಂಗಳಲ್ಲಿ ಅದು ಸರಿಹೋಗುತ್ತದೆ. ಆದರೆ ಮನೆ ಸಾಲದ ಅಧಿಕಾರಿ ಅಂಕವನ್ನಷ್ಟೇ ಅಲ್ಲ, ಸಾಲುಗಳನ್ನೂ ಓದುತ್ತಾನೆ. ನಾನು ಆ ಕುರ್ಚಿಯಲ್ಲಿ ವರ್ಷಗಟ್ಟಲೆ ಕುಳಿತವನು. ಏಳು ಕಡೆ ಕಾರ್ಡು ಕೇಳಿ ಎಲ್ಲೂ ಕಾರ್ಡು ಸಿಗದವನ ಕಡತ ಬಂದಾಗ, ಏಳು ಮಂದಿಗೆ ಕಂಡದ್ದು ನನಗೇಕೆ ಕಾಣುತ್ತಿಲ್ಲ ಎಂದು ಎರಡನೇ ಸಲ ಪುಟ ತಿರುವುತ್ತಿದ್ದೆ.

ಇನ್ನು, ಯಾರೂ ಕೇಳದ ಸಂಗತಿ. ಮುಂದಿನ ಆಫರುಗಳನ್ನು ತಿದ್ದುವುದು ಸ್ಕೋರೊಂದೇ ಅಲ್ಲ, ಅರ್ಹತೆ ನೋಡುವಾಗ ನೀವು ನಮೂನೆಯಲ್ಲಿ ಟೈಪು ಮಾಡಿದ ಮಾಹಿತಿಯೂ ಹೌದು. ಸಾಫ್ಟ್ ಎನ್‌ಕ್ವೈರಿ ಬೇರೆಯವರಿಗೆ ಕಾಣದಿದ್ದರೂ, ನೀವು ಕೇಳಿದ ಬ್ಯಾಂಕು ಅಥವಾ ಆ್ಯಪ್ ಅದನ್ನು ತನ್ನ ಕಡತದಲ್ಲಿ ಇಟ್ಟುಕೊಳ್ಳಬಲ್ಲದು. ಒಂದು ಕಡೆ ಸಂಬಳ 28 ಸಾವಿರ, ಇನ್ನೊಂದು ಕಡೆ ಓವರ್‌ಟೈಮ್ ಸೇರಿಸಿ 40 ಸಾವಿರ, ‘ಇಲ್ಲ’ ಎಂದು ಬಂದ ಸಿಟ್ಟಿಗೆ ಮೂರನೇ ಸಲ 60 ಸಾವಿರ ಎಂದು ತುಂಬುವ ಚಟ ನಮ್ಮ ಹುಡುಗರಲ್ಲಿ ಬಹಳ ಇದೆ. ಆರು ತಿಂಗಳ ನಂತರ ಅದೇ ಬ್ಯಾಂಕಿಗೆ ನಿಜವಾದ ಸಂಬಳದ ಚೀಟಿ ಕೊಟ್ಟಾಗ ಹಳೆಯ ಸುಳ್ಳು ಎದುರಿಗೆ ಬಂದು ನಿಲ್ಲುತ್ತದೆ. ತಿರಸ್ಕೃತ ಅರ್ಜಿದಾರರನ್ನು ಕೆಲವು ತಿಂಗಳು ಮತ್ತೆ ಪರಿಗಣಿಸದಿರುವ ಪದ್ಧತಿಯೂ ಹಲವು ಕಾರ್ಡ್ ಕಂಪನಿಗಳಲ್ಲಿದೆ. ಎಲ್ಲ ಕಡೆಯೂ ಒಂದೇ ಸಂಬಳ, ಅದೂ ಬ್ಯಾಂಕ್ ಖಾತೆಗೆ ಬೀಳುವಷ್ಟನ್ನೇ ಬರೆಯಿರಿ.

ಎರಡು ಆ್ಯಪ್‌ಗಳು ‘ಇಲ್ಲ’ ಎಂದದ್ದಕ್ಕೆ ನಿಮ್ಮ ತಪ್ಪೇ ಕಾರಣವಾಗಬೇಕಿಲ್ಲ. ಹಲವು ಕಂಪನಿಗಳು ಕಾರ್ಡ್ ಕೊಡುವ ಪಿನ್‌ಕೋಡುಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಬೆಂಗಳೂರಿನ ಪಿನ್ ಹಾಕಿದರೆ ತೆರೆಯುವ ಬಾಗಿಲು ಬಂಗಾರಪೇಟೆಯ 563114 ಹಾಕಿದರೆ ತೆರೆಯದೇ ಇರಬಹುದು. ಹಾಗೆಂದು ಬೆಂಗಳೂರಿನ ಚಿಕ್ಕಪ್ಪನ ವಿಳಾಸ ಹಾಕಬೇಡಿ, ವಿಳಾಸ ಪರಿಶೀಲನೆಗೆ ಬಂದಾಗ ಸಿಕ್ಕಿಬೀಳುತ್ತೀರಿ. ಇದರ ಜೊತೆಗೆ, 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಯ ಮೇಲಿನ ಅಪಾಯದ ತೂಕವನ್ನು (ಬಾಕಿ ಮುಳುಗುವ ಅಪಾಯಕ್ಕೆ ತಕ್ಕಂತೆ ಎಷ್ಟು ಬಂಡವಾಳ ತೆಗೆದಿಡಬೇಕೆಂಬ ಅಳತೆಯನ್ನು) ಶೇ 125ರಿಂದ ಶೇ 150ಕ್ಕೆ ಏರಿಸಿದ್ದರಿಂದ, ಪ್ರತಿ ಕಾರ್ಡಿಗೂ ಬ್ಯಾಂಕು ಹೆಚ್ಚು ಬಂಡವಾಳ ಕಟ್ಟಿಡಬೇಕಾಗಿದೆ. ಹಾಗಾಗಿ ಮೊದಲಿನಂತೆ ಕೈಬಿಚ್ಚಿ ಕಾರ್ಡ್ ಹಂಚುವ ಉತ್ಸಾಹ ಅವರಲ್ಲಿ ಇರಬೇಕೆಂದೇನೂ ಇಲ್ಲ.

‘ಪ್ರೀ-ಕ್ವಾಲಿಫೈಡ್’ ಎಂದು ಹೇಳಿದ ಆ್ಯಪನ್ನೂ ಅಷ್ಟಾಗಿ ನಂಬಬೇಡಿ. ಅದು ಆ ದಿನದ ವರದಿಯ ಫೋಟೊ ಅಷ್ಟೆ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಮಾಹಿತಿ ಕಳಿಸಬೇಕಾಗಿರುವುದರಿಂದ, ಮಧ್ಯೆ ಒಂದು ಬೈಕ್ ಸಾಲ ತೆಗೆದರೆ ಅಥವಾ ಒಂದು ಕಂತು ತಪ್ಪಿದರೆ ಆ ಆಫರು ಬೇಗನೇ ಮಾಯವಾಗಬಹುದು.

ನನ್ನ ಸ್ವಭಾವ ಅತಿ ಎಚ್ಚರಿಕೆಯದು ಎಂದು ಮನೆಯವರೇ ಹೇಳುತ್ತಾರೆ. ಆದರೂ ಹೇಳುತ್ತೇನೆ: ಮುಂದಿನ ವರ್ಷ ಮನೆ ಸಾಲ ಖಚಿತವಾಗಿದ್ದರೆ, ಅದಕ್ಕೆ ಆರು ತಿಂಗಳ ಮೊದಲಿನಿಂದ ಯಾವ ಕಾರ್ಡಿಗೂ ಅರ್ಜಿ ಹಾಕಬೇಡಿ. ಈಗ ಕಾರ್ಡ್ ಬೇಕೇಬೇಕು ಎಂದಾದರೆ, ಸಂಬಳ ಬೀಳುವ ಬ್ಯಾಂಕಿನಲ್ಲಿ ಮಾತ್ರ ಒಂದೇ ಅರ್ಜಿ ಹಾಕಿ. ಅರ್ಹತೆ ನೋಡಿದ ಆ್ಯಪ್‌ಗಳಲ್ಲಿ ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯಿರಿ. ಡಿಜಿಟಲ್ ಸಾಲದ ನಿಯಮಗಳು ಆ ಹಕ್ಕನ್ನು ನಿಮಗೆ ಕೊಟ್ಟಿವೆ.

ಪ್ರಶ್ನೆ: ಸ್ವಂತ ಸ್ಕೋರನ್ನು ಪದೇ ಪದೇ ನೋಡಿದರೆ ಕಡಿಮೆಯಾಗುತ್ತದೆಯೇ? (ಮುಳಬಾಗಿಲು)

ಉತ್ತರ: ಇಲ್ಲ. ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು, ತೆಗೆದುಕೊಳ್ಳಿ.

ಪ್ರಶ್ನೆ: 5 ಸಾವಿರ ಕೊಟ್ಟರೆ ಎನ್‌ಕ್ವೈರಿಗಳನ್ನು ಅಳಿಸಿ ಸ್ಕೋರ್ 800 ಮಾಡಿಸುತ್ತೇನೆ ಎಂದು ಒಬ್ಬರು ಹೇಳುತ್ತಾರೆ. ಕೊಡಬಹುದೇ? (ಮಾಲೂರು)

ಉತ್ತರ: ಕೊಟ್ಟರೆ 5 ಸಾವಿರ ಹೋಯಿತು. ನೀವೇ ಹಾಕಿದ ಅರ್ಜಿಯ ಸಾಲನ್ನು ಯಾವ ಏಜೆಂಟನೂ ಅಳಿಸಲಾರ. ನೀವು ಹಾಕದ ಅರ್ಜಿಯ ಸಾಲಿದ್ದರೆ ಅದನ್ನು ತೆಗೆಸಲು ಒಂದು ಪೈಸೆಯೂ ಬೇಕಿಲ್ಲ. ಕ್ರೆಡಿಟ್ ಮಾಹಿತಿ ಕಂಪನಿಗೆ ನೀವೇ ದೂರು ಕೊಡಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ತಡಮಾಡಿದ ಕಂಪನಿ ಅಥವಾ ಬ್ಯಾಂಕೇ ದಿನಕ್ಕೆ ₹100ರಂತೆ ನಿಮಗೆ ಪರಿಹಾರ ಕೊಡಬೇಕು. ಇಂಥ ಏಜೆಂಟರ ಕೈಗೆ ಪ್ಯಾನ್ ಮತ್ತು ಓಟಿಪಿ ಕೊಟ್ಟು, ತಮ್ಮ ಹೆಸರಲ್ಲಿ ಇನ್ನೂ ನಾಲ್ಕು ಅರ್ಜಿ ಬೀಳಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಕೇಳದೆಯೇ ಕಾರ್ಡ್ ಮನೆಗೆ ಬಂದಿದೆ, ಏನು ಮಾಡಲಿ? (ಶ್ರೀನಿವಾಸಪುರ)

ಉತ್ತರ: ಓಟಿಪಿ ಹೇಳಬೇಡಿ, ಬಳಸಬೇಡಿ, ಬೇಡವೆಂದು ಬರಹದಲ್ಲಿ ತಿಳಿಸಿ. ಕೇಳದ ಕಾರ್ಡ್ ಕಳಿಸುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ.

ಪ್ರಶ್ನೆ: ಇದುವರೆಗೆ ಸಾಲವನ್ನೇ ತೆಗೆದಿಲ್ಲ, ಆದರೂ ಅರ್ಹತೆ ಇಲ್ಲ ಎನ್ನುತ್ತಾರೆ. ಇದೆಂಥ ನ್ಯಾಯ? (ಕೆಜಿಎಫ್)

ಉತ್ತರ: ನ್ಯಾಯದ ಮಾತಲ್ಲ, ಅವರಿಗೆ ಓದಲು ನಿಮ್ಮ ಪುಟವೇ ಇಲ್ಲ. ಸಣ್ಣದೊಂದು ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆದು, ಒಂದು ವರ್ಷ ಬಿಲ್ಲನ್ನು ಪೂರ್ತಿ ಕಟ್ಟಿ, ಆಮೇಲೆ ಕೇಳಿ.