‘ಬಾಙ್’ ಅಂದರೆ ಅಣ್ಣ ಅಂತಲಾ?

ಪ್ರಶ್ನೆ: ದಾವಣಗೆರೆಯವನು, ವಯಸ್ಸು 29. ಕಾಂಬೋಡಿಯಾದ ನಾಮ್ ಪೆನ್‌ನ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ಸೂಪರ್‌ವೈಸರ್. ಅಲ್ಲೇ ಅಕೌಂಟ್ಸ್‌ನಲ್ಲಿರುವ, ನನಗಿಂತ ಎರಡು ವರ್ಷ ದೊಡ್ಡವರಾದ ಖ್ಮೇರ್ (ಅಲ್ಲಿನ ಜನರಿಗೂ ಅವರ ಭಾಷೆಗೂ ಅದೇ ಹೆಸರು) ಹುಡುಗಿ ಇಷ್ಟವಾಗಿದ್ದಾರೆ. ಮೊಬೈಲ್ ನೋಡಿ ಕಲಿತು ‘ಕ್ಞೊಮ್ ಸ್ರಲಾಞ್ ನೇಅಕ್’ ಅಂದೆ, ‘ನಾನು ನಿಮ್ಮನ್ನು ಪ್ರೀತಿಸುತ್ತೇನೆ’ ಅಂತ. ಜೋರಾಗಿ ನಕ್ಕುಬಿಟ್ಟರು. ಮರುದಿನದಿಂದ ನನ್ನನ್ನು ‘ಬಾಙ್’ ಅನ್ನುತ್ತಿದ್ದಾರೆ. ಅರ್ಥ ಹುಡುಕಿದರೆ ‘ಅಣ್ಣ’ ಅಂತಿದೆ! ರಾಖಿ ಕಟ್ಟಿದ ಹಾಗಾಯಿತಲ್ಲ ಮೇಡಂ?

ಉತ್ತರ: ತಮ್ಮಾ, ರಾಖಿ ಭಯ ಬಿಡಿ. ನಮ್ಮಲ್ಲಿ ಹುಡುಗಿ ‘ಅಣ್ಣಾ’ ಅಂದಳೆಂದರೆ ಕಥೆ ಮುಗೀತು. ಖ್ಮೇರ್‌ನಲ್ಲಿ ಕಥೆ ಶುರುವಾಗುವುದೇ ಅಲ್ಲಿಂದ. ‘ಬಾಙ್’ ಎಂದರೆ ಒಡಹುಟ್ಟಿದವರಲ್ಲಿ ದೊಡ್ಡವರು, ಅಣ್ಣನೂ ಹೌದು ಅಕ್ಕನೂ ಹೌದು. ‘ಓನ್’ ಎಂದರೆ ಚಿಕ್ಕವರು. ಪ್ರೇಮಿಗಳೂ ಗಂಡಹೆಂಡಿರೂ ಇದೇ ಎರಡು ಪದ ಬಳಸುತ್ತಾರೆ. ವಯಸ್ಸು ಎಷ್ಟೇ ಇರಲಿ, ಸಾಮಾನ್ಯವಾಗಿ ಗಂಡು ಬಾಙ್, ಹೆಣ್ಣು ಓನ್.

ಅವರು ನಕ್ಕಿದ್ದು ಯಾಕೆ ಗೊತ್ತಾ? ನಿಮ್ಮ ವಾಕ್ಯದಲ್ಲಿ ತಪ್ಪಿಲ್ಲ, ಆದರೆ ಪ್ರೀತಿಸುವವರ ಬಾಯಲ್ಲಿ ಅದು ಒಣಒಣ. ದಾವಣಗೆರೆಯಲ್ಲಿ ಯಾರಾದರೂ ಹುಡುಗಿ ಮುಂದೆ ನಿಂತು ‘ನಾನು ತಮ್ಮನ್ನು ಪ್ರೀತಿಸುತ್ತೇನೆ’ ಅಂದರೆ ನೀವೂ ನಗುತ್ತೀರಿ. ಅದರ ಮೇಲೆ, ‘ನಾನು’ ಎನ್ನುವ ಆ ‘ಕ್ಞೊಮ್’ಗೆ ಹಳೆಯ ಖ್ಮೇರ್ ಶಾಸನಗಳಲ್ಲಿ ದಾಸ, ಆಳು ಎಂಬ ಅರ್ಥ! ಹೇಳಬೇಕಾದ್ದು ‘ಬಾಙ್ ಸ್ರಲಾಞ್ ಓನ್’. ನಾನು, ನೀನು ಎರಡೂ ಇಲ್ಲ, ಸಂಬಂಧ ಮಾತ್ರ ಇದೆ. ಒಂದನೇ ಕ್ಲಾಸಿನಲ್ಲಿ ಕಲಿತು ಮರೆತ ಙ, ಞ ಎರಡೂ ಈಗ ಉಪಯೋಗಕ್ಕೆ ಬಂದವು ನೋಡಿ. ‘ಸ್ರಲಾನ್’ ಅನ್ನಬೇಡಿ, ನಾಲಿಗೆ ಅಂಗುಳಕ್ಕೆ ಒತ್ತಿ ಮುಗಿಸಿ.

ಆದರೆ ಇಷ್ಟಕ್ಕೇ ಹಾರಾಡಬೇಡಿ. ಅಲ್ಲಿ ಹೋಟೆಲಿನಲ್ಲಿ, ಆಫೀಸಿನಲ್ಲಿ ತಮಗಿಂತ ಸ್ವಲ್ಪ ದೊಡ್ಡವರನ್ನೆಲ್ಲ ಬಾಙ್ ಅನ್ನುತ್ತಾರೆ. ನೀವು ಚಿಕ್ಕವರಾದರೂ ಹಾಗೆ ಕರೆದದ್ದು ಒಲವಿರಬಹುದು, ಸೂಪರ್‌ವೈಸರ್ ಎಂಬ ಮರ್ಯಾದೆಯೂ ಇರಬಹುದು. ಆಕೆ ‘ನಾನು’ ಅನ್ನುವ ಕಡೆ ಏನನ್ನುತ್ತಾರೆ, ಅದನ್ನು ಕೇಳಿಸಿಕೊಳ್ಳಿ. ‘ಕ್ಞೊಮ್’ ಎಂದೇ ಹೇಳುತ್ತಿದ್ದರೆ ನೀವು ಅವರಿಗೆ ಬರೀ ಸಹೋದ್ಯೋಗಿ. ತಮ್ಮನ್ನು ತಾವೇ ಓನ್ ಅಂದುಕೊಂಡರೆ, ನಿಮಗಿಂತ ದೊಡ್ಡವರು ಹಾಗೆ ಸುಮ್ಮನೆ ಅನ್ನುವುದಿಲ್ಲ. ಅವರ ಸಂಬಳ, ರಜೆ ನಿಮ್ಮ ಕೈಯಲ್ಲಿದೆಯಾ? ನೀವು ಬರೆದಿಲ್ಲ. ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಮೇಲಿನವರಿಗೆ ‘ಇಲ್ಲ’ ಅನ್ನುವುದು ಯಾವ ಭಾಷೆಯಲ್ಲೂ ಕಷ್ಟ.

ಅಲ್ಲಿಯವರೆಗೆ ‘ಞಾಂ ಬಾಯ್ ಹಾಯ್ ನೌ?’ ಎಂದು ಕೇಳುತ್ತಿರಿ. ನಮ್ಮ ‘ಊಟ ಆಯ್ತಾ’ನೇ. ಕೈ ಹಿಡಿಯುವುದು, ತಬ್ಬುವುದು ಅಲ್ಲಿಯ ಹಿರಿಯರ ಕಣ್ಣಿಗೆ ಬೀಳದಿರಲಿ. ಅವರು ಗೆಳತಿಯರ ಮುಂದೆ ನಿಮ್ಮನ್ನು ‘ಸಾಂಗ್‌ಸಾ’ ಎಂದು ಪರಿಚಯಿಸಿದರೆ ಗೆದ್ದಿರಿ. ಪ್ರಿಯಕರ ಎಂದರ್ಥ. ಅದು ನಮ್ಮ ‘ಸಂಸಾರ’ವೇ, ಸಂಸ್ಕೃತದಿಂದ ಅಲ್ಲಿಗೆ ಹೋಗಿ ಮದುವೆಗೆ ಮುಂಚೆಯೇ ಬಂದು ಕೂತಿದೆ!

ಅಂದಹಾಗೆ, ಮುಂದೊಂದು ದಿನ ಅವರು ನಿಮ್ಮಮ್ಮನ ಎದುರು ‘ಬಾಙ್’ ಅಂದು, ಅಮ್ಮ ಹಾಗಂದರೇನು ಅಂತ ಕೇಳಿದರೆ, ಡಿಕ್ಷನರಿ ತೆಗೆಯಬೇಡಿ. ‘ರೀ’ ಅಂದ ಹಾಗೆ ಅನ್ನಿ.